ಟಿಕೆಟ್ ಇಲ್ಲ, ಡ್ಯಾನ್ಸೂ ಫ್ರೀ

ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ, ಓದುತ್ತಿದ್ದ ಹುಡುಗಿಯೊಬ್ಬಳ ಕಾಲೇಜು ಬಿಡಿಸಿತು. ಅದನ್ನು ಮಾಡಿದವರು ಬೇರೆ ಯಾರೋ ಆಗಿದ್ದರೆ ಈ ವಾರ ಇಲ್ಲಿ ಚೆನ್ನಾಗಿ ಬೈದು ಬರೆಯುತ್ತಿದ್ದೆ. (ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ, ನಿಮಗೆ ಗೊತ್ತು.) ಆದರೆ ಮಾಡಿದವಳು ನನ್ನ ಮಗಳು, ಸಿಂಚನಾ.

ಸಿಂಚನಾ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ. ಅವರ ಕ್ಲಾಸಿನಲ್ಲಿ ಹುಡುಗಿಯರದು ಎರಡು ಪಾರ್ಟಿ. ಒಂದು, ಸ್ಕೂಟಿಯಲ್ಲಿ ಬರುವವರದು. (ಲೈಸೆನ್ಸ್ ಕೇಳಬೇಡಿ. ನಾನೂ ಕೇಳದ ತಾಯಿಯೇ.) ಇನ್ನೊಂದು, ಸುತ್ತಲಿನ ಹಳ್ಳಿಗಳಿಂದ ಸರ್ಕಾರಿ ಬಸ್ಸಿನಲ್ಲಿ ಬರುವವರದು. ಸ್ಕೂಟಿಯವರು ಬಸ್ಸಿನವರನ್ನು ‘ಫ್ರೀ ಬಸ್’ ಅನ್ನುತ್ತಿದ್ದರು. ಅವರು ಇವರನ್ನು ‘ಪೆಟ್ರೋಲ್ ರಾಣಿಯರು’ ಅನ್ನುತ್ತಿದ್ದರು. ಒಬ್ಬರ ಬೆಂಚಿನಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಲ್ಯಾಬಿನಲ್ಲೂ ಬೇರೆ ಬೇರೆ ಟೇಬಲ್ಲು.

ಹದಿಹರೆಯದ ಗುಂಪುಗಳ ಜಗಳದ ಕಾದಂಬರಿಗಳನ್ನು ನಾನೂ ಓದಿದ್ದೇನೆ. ಅವುಗಳಲ್ಲಿ ಚಾಕು ಇರುತ್ತದೆ, ಸೈಕಲ್ ಚೈನು ಇರುತ್ತದೆ. ಇದೆಲ್ಲ ದೊಡ್ಡ ಊರಿನ ಹುಡುಗರ ವಿಷಯ ಅಂದುಕೊಂಡು ನಾನು ಆರಾಮವಾಗಿದ್ದೆ.

ಬಸ್ ಪಾರ್ಟಿಯ ಮುಂದಾಳು ಕುಪ್ಪೇಲೂರಿನ ನೇತ್ರಾ. ರೈತರ ಮನೆಯ ಹುಡುಗಿ, ಓದಿನಲ್ಲಿ ಮುಂದೆ, ಕುಣಿತದಲ್ಲಿ ಇನ್ನೂ ಮುಂದೆ. ಈ ವರ್ಷ ಹಾವೇರಿಯಲ್ಲಿ ಕಾಲೇಜು ಕಾಲೇಜುಗಳ ನಡುವೆ ಜಾನಪದ ನೃತ್ಯದ ಸ್ಪರ್ಧೆ ಇತ್ತು. ಒಂದು ಕಾಲೇಜಿಗೆ ಒಂದೇ ತಂಡ. ಎರಡೂ ಪಾರ್ಟಿಯವರು ಹೆಸರು ಕೊಟ್ಟರು.

ಪ್ರಾಕ್ಟೀಸಿಗೆ ಹಾಲ್ ಸಿಗುತ್ತಿದ್ದುದು ಕ್ಲಾಸು ಬಿಟ್ಟ ಮೇಲೆ. ಸ್ಕೂಟಿಯವರಿಗೇನು, ಕತ್ತಲಾಗುವವರೆಗೂ ಕುಣಿಯಬಹುದು. ಕುಪ್ಪೇಲೂರಿನ ಬಸ್ಸು ಅಷ್ಟೊತ್ತು ಕಾಯುತ್ತದೆಯೇ? ಹಾಗಾಗಿ ನೇತ್ರಾಳ ತಂಡ ಬಸ್‌ಸ್ಟ್ಯಾಂಡಿನಲ್ಲೇ, ಬಸ್ಸು ಬರುವವರೆಗೆ ಒಂದು ಮೂಲೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿತ್ತು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ನೃತ್ಯ. ಕೊಡದ ಬದಲು ಪುಸ್ತಕದ ಬ್ಯಾಗು.

ಅದೇ ವಾರ ಯಾರೋ ಸಿಂಚನಾಳ ಸ್ಕೂಟಿಯ ಗಾಳಿ ಬಿಟ್ಟಿದ್ದರು. ನೇತ್ರಾಳದೇ ಕೆಲಸ ಎಂದು ಇವಳ ಗೆಳತಿಯರು ತೀರ್ಪು ಕೊಟ್ಟರು. ಸಾಕ್ಷಿ? ಆ ವಯಸ್ಸಿಗೆ ಸಾಕ್ಷಿ ಯಾರಿಗೆ ಬೇಕು? ಸಿಂಚನಾ ಗಾಡಿ ತಳ್ಳಿಕೊಂಡು ಬಸ್‌ಸ್ಟ್ಯಾಂಡ್ ಮುಂದೆ ಹಾದು ಹೋಗುವಾಗ ನೇತ್ರಾ ಬ್ಯಾಗು ಹೊತ್ತು ಕುಣಿಯುತ್ತಿದ್ದುದು ಕಂಡಿತು. ಮೊಬೈಲು ತೆಗೆದಳು. ಮನೆಗೆ ಬಂದು ಅದಕ್ಕೊಂದು ಪೋಲಿ ಹಾಡು ಅಂಟಿಸಿದಳು. ಮೇಲೆ ಒಂದು ಸಾಲು ಬರೆದು ಸ್ಟೇಟಸ್‌ಗೆ ಹಾಕಿದಳು: ‘ಟಿಕೆಟ್ ಇಲ್ಲ, ಡ್ಯಾನ್ಸೂ ಫ್ರೀ.’

ಮರುದಿನ ಭಯವಾಗಿ ಅಳಿಸಿದಳಂತೆ. ಅಷ್ಟರಲ್ಲಿ ಅದು ಅವಳ ಕೈಯಲ್ಲಿ ಉಳಿದಿರಲಿಲ್ಲ. ಕುಪ್ಪೇಲೂರಿನ ಹುಡುಗರ ಗ್ರೂಪಿಗೆ ಹೋಗಿತ್ತು. ಅದರ ಕೆಳಗೆ ಅವರು ಬರೆದದ್ದನ್ನು ನಾನಿಲ್ಲಿ ಬರೆಯಲಾರೆ.

ನೇತ್ರಾ ಕಾಲೇಜಿಗೆ ಬರುವುದು ನಿಂತಿತು. ಅವಳಿಲ್ಲದೆ ನಾವು ಕುಣಿಯುವುದಿಲ್ಲ ಎಂದು ಬಸ್ ಪಾರ್ಟಿಯವರು ಹೆಸರು ಹಿಂತೆಗೆದುಕೊಂಡರು. ಸಿಂಚನಾಳ ತಂಡ ಸ್ಪರ್ಧೆಯೇ ಇಲ್ಲದೆ ಆಯ್ಕೆಯಾಯಿತು. ಗೆದ್ದು ಬಂದ ಮಗಳು ಬ್ಯಾಗು ಎಸೆದು ಅಳುತ್ತ ಕೂತಾಗಲೇ ನನಗೆ ಇಷ್ಟೂ ಗೊತ್ತಾದದ್ದು.

ಬೈದೆ. ಬೈದು ಏನು ಬಂತು? ಆ ಭಾನುವಾರ ಕುಪ್ಪೇಲೂರಿಗೆ ಹೊರಟೆವು. ಕಾರು ಬೇಡ ಎಂದವಳು ಸಿಂಚನಾಳೇ. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಇಬ್ಬರೂ ಆಧಾರ್ ಕಾರ್ಡ್ ತೋರಿಸಿದೆವು. ಅವನು ಫ್ರೀ ಟಿಕೆಟ್ ಹರಿದು ಕೊಟ್ಟ. ಮಗಳು ಅದನ್ನು ಹಿಡಿದುಕೊಂಡು ಊರು ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು.

ನೇತ್ರಾಳ ಅಪ್ಪ ಫಕ್ಕೀರಪ್ಪ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಂಚನಾ ತಪ್ಪಾಯಿತು ಎಂದಳು, ಅವರು ಇರಲಿ ಬಿಡವಾ ಎಂದರು. ನೇತ್ರಾಳನ್ನು ಕಾಲೇಜಿಗೆ ಕಳಿಸಿ, ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ, ಪರೀಕ್ಷೆ ಹತ್ತಿರ ಬಂತು ಎಂದು ನಾನು ಹೇಳುತ್ತಲೇ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ನಿಮ್ಮ ಹುಡುಗಿ ಮ್ಯಾಲ ನಮಗ ಸಿಟ್ಟಿಲ್ಲರಿ ಅಕ್ಕಾರ,” ಎಂದರು ಕೊನೆಗೆ. “ಆದ್ರ ನಿಮ್ಮ ಹುಡುಗಿ ಕುಣದ್ರ ಬಹುಮಾನ ಕೊಡ್ತಾರ. ನಮ್ಮ ಹುಡುಗಿ ಕುಣದ್ರ ಊರಾಗ ಮಾತು ಹುಟ್ಟತಾವ. ಹೆಂಗ ಕಳಸ್ಲಿ, ನೀವ ಹೇಳ್ರಿ.”

ವಾರವಾರ ಎಲ್ಲದಕ್ಕೂ ಉತ್ತರ ಬರೆಯುವವಳು ನಾನು. ಮಂದಿಯ ಮಾತಿಗೆ ಕಿವಿ ಕೊಡಬೇಡಿ ಎನ್ನುವುದು ನಮ್ಮಂಥವರಿಗೆ ಸುಲಭ. ಅಂಥ ಮಾತು ನಮ್ಮ ಗೇಟು ದಾಟಿ ಒಳಗೆ ಬರುವುದೇ ಅಪರೂಪ. ಅವರಿಗೆ ಕಟ್ಟೆಯಿಂದ ಇಳಿದರೆ ಅದೇ ಓಣಿ, ಅದೇ ಜನ.

ನೇತ್ರಾ ಚಹಾ ತಂದಳು. ನನಗೆ ಕೊಟ್ಟಳು, ಸಿಂಚನಾಳಿಗೂ ಕೊಟ್ಟಳು, ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಆಮೇಲೂ ಒಂದೆರಡು ಸಲ ಫೋನ್ ಮಾಡಿದೆ. ಅವಳನ್ನು ಬ್ಯಾಡಗಿಯ ಚಿಗವ್ವನ (ಚಿಕ್ಕಮ್ಮನ) ಮನೆಗೆ ಕಳಿಸಿದ್ದೇವೆ, ಊರಿನ ಬಾಯಿ ತಣ್ಣಗಾಗಲಿ ಎಂದರು. ಪರೀಕ್ಷೆ? ನೋಡೋಣ ಎಂದರು. ಹಳ್ಳಿಯಲ್ಲಿ ಹುಡುಗಿಯ ಓದಿಗೆ ‘ನೋಡೋಣ’ ಅಂದರೆ ಏನು ಅರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕೆ?

ಹಾವೇರಿಯ ಸ್ಪರ್ಧೆಗೆ ಹೋಗುವುದಿಲ್ಲ ಎಂದು ಸಿಂಚನಾ ಹಟ ಹಿಡಿದಳು. ಕಾಲೇಜಿನ ಮರ್ಯಾದೆ ಎಂದು ಮೇಡಂ ಒಪ್ಪಿಸಿದರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಮಗಳು ಒಂದು ಹೆಜ್ಜೆಯೂ ತಪ್ಪಲಿಲ್ಲ. ಮುಖ ಮಾತ್ರ ಬೇರೆ ಯಾರದೋ ಇದ್ದಂತಿತ್ತು. ಎರಡನೆಯ ಬಹುಮಾನ ಬಂತು. ಚಪ್ಪಾಳೆ ಹೊಡೆಯುವಾಗ ಫಕ್ಕೀರಪ್ಪನವರ ಮಾತು ನೆನಪಾಗಿ ನನ್ನ ಕೈ ನಿಂತಿತು. ಅದರ ನಂತರ ಸಿಂಚನಾ ಕುಣಿದಿಲ್ಲ.

ಕಳೆದ ವಾರ ವರ್ಷದ ಖಾರಕ್ಕೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋಗಿದ್ದೆವು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಎಲ್ಲರ ಮೂಗಿಗೂ ಬಟ್ಟೆ. ಅದರಲ್ಲೊಬ್ಬಳು ಎದ್ದು ಬಂದು ಬಟ್ಟೆ ಸರಿಸಿ ನಕ್ಕಾಗಲೇ ಗುರುತು ಹತ್ತಿದ್ದು. ನೇತ್ರಾ. ಚಿಗವ್ವನ ಜೊತೆ ಕೆಲಸಕ್ಕೆ ಬರುತ್ತಾಳಂತೆ. ಕಾಲೇಜಿನ ಸುದ್ದಿ ಕೇಳಿದಳು, ಯಾವ ಪಾಠ ನಡೆದಿದೆ ಎಂದಳು. ಸಿಂಚನಾ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿ ಉತ್ತರ ಕೊಡುತ್ತಿದ್ದಳು.

ನಾವು ಹೊರಡುವಾಗ ನೇತ್ರಾ ದನಿ ತಗ್ಗಿಸಿ ಕೇಳಿದಳು. “ಆ ವಿಡಿಯೊ ಇನ್ನೂ ಐತೇನ ನಿನ್ನ ಕಡೆ?”

ಸಿಂಚನಾ ಗಾಬರಿಯಾದಳು. ಇಲ್ಲ, ಮರುದಿನವೇ ಡಿಲೀಟ್ ಮಾಡಿದೆ, ದೇವರಾಣೆ ಎಂದಳು. ನೇತ್ರಾಳಿಗೆ ಸಮಾಧಾನವಾದೀತು ಅಂದುಕೊಂಡೆ. ಅವಳ ಮುಖ ಇಳಿದುಹೋಯಿತು.

“ನಾ ಅದನ್ನ ನೋಡೇ ಇಲ್ಲ,” ಎಂದಳು. “ನೀ ನೋಡಿಯಲ್ಲ... ಚಂದ ಕುಣದಿದ್ನೇನ?”

ಊರೆಲ್ಲ ನೋಡಿದ ಕುಣಿತವನ್ನು ಕುಣಿದವಳೊಬ್ಬಳೇ ನೋಡಿರಲಿಲ್ಲ.