ಮೊಳೆ ಜೋಡಿಸುತ್ತಿದ್ದವರ ಕಣ್ಣಿನ ಪರೀಕ್ಷೆ

ಅಮಲರಾಜ್ ಅವರಿಗೆ ಈಗ ಅರವತ್ತೊಂದು. ಹದಿನೇಳನೆಯ ವಯಸ್ಸಿನಲ್ಲಿ ಅವರು ಅಗ್ರಹಾರದ ಒಂದು ಸಣ್ಣ ಮುದ್ರಣಾಲಯ ಸೇರಿದರು. ಅಲ್ಲಿ ಇಪ್ಪತ್ತೆಂಟು ವರ್ಷ ಮೊಳೆ ಜೋಡಿಸಿದರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ ಅದು. ಪ್ರತಿ ಅಕ್ಷರಕ್ಕೂ ತಲೆ ಎತ್ತಿ ಹಸ್ತಪ್ರತಿ ನೋಡುತ್ತಿದ್ದರೆ ಕೆಲಸ ಸಾಗುವುದಿಲ್ಲ. ಒಂದು ಸಾಲನ್ನು ಒಮ್ಮೆ ಓದಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಉಳಿದದ್ದನ್ನು ಕೈ ಮಾಡುತ್ತದೆ. ಅವಸರದ ಕೆಲಸವಿದ್ದಾಗ ಮಾಲೀಕ ಸದಾಶಿವಯ್ಯನವರೇ ಪಕ್ಕದಲ್ಲಿ ನಿಂತು ಲಗ್ನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅಮಲರಾಜ್ ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುತ್ತಿರಲಿಲ್ಲ.

"ನಿನ್ ತಲೆ ಒಳಗೂ ಒಂದು ಅಚ್ಚಿನ ಪೆಟ್ಟಿಗೆ ಐತೆ ಕಣೋ ಅಮಲ," ಎನ್ನುತ್ತಿದ್ದರಂತೆ ಸದಾಶಿವಯ್ಯ.

ಮುದ್ರಣಾಲಯ ಮುಚ್ಚಿದ ಮೇಲೆ ಅವರು ಚಾಮರಾಜಪುರಂನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗ್ ಮಾಡಿದರು. ಸಕ್ಕರೆ ಕಾಯಿಲೆ ಅಷ್ಟು ಹೊತ್ತಿಗಾಗಲೇ ಜೊತೆಗಿತ್ತು. ಅದರ ಹಿಂದೆಯೇ ರಕ್ತದೊತ್ತಡ ಬಂತು. ಮೂರು ವರ್ಷದ ಹಿಂದೆ ಬಲಗಾಲಿನ ಹೆಬ್ಬೆರಳಿನಲ್ಲಿ ಆದ ಸಣ್ಣ ಗಾಯ ಮಾಯಲಿಲ್ಲ. ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳುಗಳನ್ನೂ ತೆಗೆಯಬೇಕಾಯಿತು. ಎಡಗಿವಿ ಅಚ್ಚಿನ ಯಂತ್ರದ ಸದ್ದಿನಲ್ಲೇ ಸವೆದಿತ್ತು. ಎಡಗಣ್ಣಿಗೆ ಮಂಜು ಕವಿದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಬಲಗಣ್ಣಿನ ವಿಷಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗದಂತೆ ಅವರು ನೋಡಿಕೊಂಡಿದ್ದರು. ಬೆಳಿಗ್ಗೆ ಪತ್ರಿಕೆ ಹಿಡಿದು ಕೂರುತ್ತಿದ್ದರು, ಹೊತ್ತು ನೋಡಿಕೊಂಡು ಪುಟ ತಿರುಗಿಸುತ್ತಿದ್ದರು. ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ವೇಳೆ ಬೈಬಲಿನ ವಾಚನ ಓದುವ ಸರದಿ ಅವರದು. ಇಪ್ಪತ್ತು ವರ್ಷದಿಂದ ತಪ್ಪಿಸಿರಲಿಲ್ಲ. ಶನಿವಾರ ಹೆಂಡತಿ ಪೌಲಿನ್ ಕೆಲಸಕ್ಕೆ ಹೋದ ಮೇಲೆ ಮೊಬೈಲಿನಲ್ಲಿ ಆ ವಾಚನವನ್ನು ಹಾಕಿ, ಬಲಗಿವಿಗೆ ಹಿಡಿದು, ನಾಲ್ಕೈದು ಸಲ ಕೇಳುತ್ತಿದ್ದರು. ಭಾನುವಾರ ವಾಚನ ಪೀಠದ ಮುಂದೆ ನಿಂತು, ಪುಸ್ತಕದ ಮೇಲೆ ಬೆರಳಿಟ್ಟು, ಒಂದು ಪದವೂ ಬಿಡದೆ ಹೇಳಿ ಇಳಿಯುತ್ತಿದ್ದರು.

ಪೌಲಿನ್ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಅಶೋಕಪುರಂನ ಬಾಡಿಗೆ ಮನೆ ನಡೆಯುವುದು ಅವರ ಸಂಬಳದಿಂದ. ಗಂಡನ ಕಾಲಿನ ಇನ್ನೂ ಪೂರ್ತಿ ಮಾಯದ ಗಾಯಕ್ಕೆ ಪಟ್ಟಿ ಬದಲಾಯಿಸಲು ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಬೇಕು. ಆಟೋಗೆ ಕೊಟ್ಟು ಪೂರೈಸದೆ ಬಸ್ಸಿಗೆ ಕಾಯುತ್ತಿದ್ದಾಗ ಅವರ ಕಣ್ಣಿಗೆ ಬಿದ್ದವರು ಭವ್ಯಶ್ರೀ. ಅವರು ಆ ವಾರ್ಡಿನ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ನಂಜನಗೂಡಿನ ಕಡೆಯ ರೈತರ ಮನೆಯ ಹುಡುಗಿ. ಅರ್ಜಿಗಳ ಚೀಲ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತಾರೆ.

"ಆಂಟಿ, ಅಂಕಲ್‌ಗೆ ಅಂಗವಿಕಲರ ಕಾರ್ಡ್ ಮಾಡಿಸಿ. ನಲವತ್ತು ಪರ್ಸೆಂಟ್ ಬಂದ್ರೆ ಮಾಸಾಶನ ಬರುತ್ತೆ, ಬಸ್ ಪಾಸೂ ಸಿಗುತ್ತೆ."

"ಅವ್ರು ಒಪ್ಪಲ್ಲ ಕಣಮ್ಮ. ನಂಗೇನಾಗಿದೆ ಅಂತಾರೆ."

"ಏನಾಗಿದೆ ಅಂತ ಡಾಕ್ಟ್ರು ಹೇಳ್ತಾರೆ. ನೀವು ಅರ್ಜಿ ಹಾಕಿ."

ಅರ್ಜಿ ಹಾಕಿದರು. ಕಾಲಿಗೆ ಒಂದು ದಿನ, ಕಿವಿಗೆ ಒಂದು ದಿನ, ಕಣ್ಣಿಗೆ ಒಂದು ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾಯಿತು. ಮೂರು ದಿನವೂ ಪೌಲಿನ್ ರಜೆ ಹಾಕಿದರು. ಕಾಲಿನ ವೈದ್ಯರು ಬೆರಳಿಲ್ಲದ ಪಾದವನ್ನು ಅಳೆದು ಬರೆದುಕೊಂಡರು. ಕಿವಿಯನ್ನು ಯಂತ್ರವೇ ಪರೀಕ್ಷಿಸಿತು. ಆ ಎರಡು ಕಡೆ ಅಮಲರಾಜ್ ಮಾಡಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಕಣ್ಣಿನ ಕೋಣೆಯಲ್ಲಿ ಹಾಗಿರಲಿಲ್ಲ. ಗೋಡೆಯುದ್ದಕ್ಕೆ ಬೆಂಚು ಹಾಕಿ ಜನರನ್ನು ಕೂರಿಸಿದ್ದರು. ಎದುರು ಗೋಡೆಯಲ್ಲಿ ಕನ್ನಡ ಅಕ್ಷರಗಳ ಹಲಗೆ ಇತ್ತು. ಮೇಲೆ ಒಂದೇ ದೊಡ್ಡ ಅಕ್ಷರ, ಕೆಳಗಿಳಿದಂತೆ ಸಣ್ಣಗಾಗುವ ಸಾಲುಗಳು. ಪೌಲಿನ್ ಫೈಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಅಮಲರಾಜ್ ಅವರ ಪಕ್ಕದಲ್ಲಿ ತಿ. ನರಸೀಪುರದ ಕಡೆಯ ನಿಂಗಯ್ಯ ಎಂಬ ಮುದುಕರು ಕೂತಿದ್ದರು. ಅವರ ಒಂದು ಕಣ್ಣು ಪೂರ್ತಿ ಹೋಗಿತ್ತು.

"ವಿಚಿತ್ರದ ಪರೀಕ್ಸೆ ಕಣ್ರೀ ಇದು," ಎಂದರು ನಿಂಗಯ್ಯ. "ಇಲ್ಲಿ ಪಾಸಾದ್ರೆ ಫೇಲು, ಫೇಲಾದ್ರೆ ಪಾಸು."

ಬೆಂಚಿನ ತುಂಬ ನಗು ಹರಿಯಿತು. ಅಮಲರಾಜ್ ಕೂಡ ನಕ್ಕರು.

ಅವರಿಗಿಂತ ಮುಂಚೆ ಐದು ಜನ ಎದ್ದು ಹೋಗಿ ಹಲಗೆ ಓದಿದರು. ಒಬ್ಬ ಕಾಲೇಜು ಹುಡುಗಿ ಕಡೆಯ ಸಾಲಿನವರೆಗೂ ಓದಿದಳು. ಮೋಸ ಮಾಡಬೇಕೆಂದು ಅಮಲರಾಜ್ ಕೂತಿರಲಿಲ್ಲ. ಬಲಗಿವಿ ಆ ಕಡೆಗಿತ್ತು, ಅಷ್ಟೆ. ಟ. ಗ, ಪ. ಲ, ಯ, ದ. ಎರಡನೆಯವರು ಓದುವಷ್ಟರಲ್ಲಿ ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂತುಬಿಟ್ಟಿದ್ದವು.

ಅವರ ಸರದಿ ಬಂತು. ಎಡಗಣ್ಣಿನಲ್ಲಿ ಮೇಲಿನ ಅಕ್ಷರವೂ ಕಾಣಲಿಲ್ಲ. ಹಾಗೆಂದೇ ಹೇಳಿದರು. ಆಮೇಲೆ ಪರೀಕ್ಷೆ ಮಾಡುವ ಹುಡುಗಿ ಎಡಗಣ್ಣು ಮುಚ್ಚಿಸಿ, "ಈಗ ಓದಿ ಸಾರ್," ಎಂದಳು.

ಹಲಗೆಯ ನಡುವೆ ಬೂದಿ ಬಣ್ಣದ ಮಚ್ಚೆ. ಸುತ್ತ ಗೋಡೆ ಕಾಣುತ್ತಿತ್ತು, ಹಲಗೆಯ ಚೌಕಟ್ಟು ಕಾಣುತ್ತಿತ್ತು, ಬಾಗಿಲ ಬಳಿ ಪೌಲಿನ್ ಸೀರೆಯ ಹಸಿರು ಕಾಣುತ್ತಿತ್ತು. ಬೆಂಚಿನ ಮೇಲಿನವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಅಕ್ಷರದ ಕೆಲಸ ಮಾಡಿದವನು ಅಕ್ಷರದ ಮುಂದೆ ಸುಮ್ಮನೆ ನಿಲ್ಲುವುದೆಂದರೇನು? ಬಾಯಿ ತೆರೆದರು. ಸಾಲುಗಳು ಒಂದರ ಹಿಂದೆ ಒಂದು ಬಂದವು. ಆರನೆಯ ಸಾಲು ಮುಗಿಸಿ ತಾವಾಗಿಯೇ ನಿಲ್ಲಿಸಿದರು.

"ಏನ್ ಸ್ವಾಮಿ, ಇಷ್ಟೂ ಓದ್ಬುಟ್ರಲ್ಲ!" ಎಂದರು ನಿಂಗಯ್ಯ. "ಮೇಷ್ಟ್ರು ಕೆಲ್ಸಕ್ಕೆ ಬಂದ್ರಾ?"

ಮತ್ತೆ ನಗು. ಪೌಲಿನ್ ಕೂಡ ಸೆರಗು ಅಡ್ಡ ಹಿಡಿದು ನಕ್ಕರು. ಒಳಗಿನ ಕೋಣೆಯಲ್ಲಿ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದ ವೈದ್ಯೆಯ ಹುಬ್ಬು ಗಂಟಾಯಿತು. "ಬಲಗಣ್ಣಿನ ನರದ ಪರದೇನೂ ಸಾಕಷ್ಟು ಹಾಳಾಗಿದೆ. ಆದ್ರೂ ಇಷ್ಟು ಓದ್ತೀರ. ನಿಮ್ ಪುಣ್ಯ," ಎಂದು ಬರೆದುಕೊಂಡರು.

ಆಚೆ ಬಂದ ಮೇಲೆ ಪೌಲಿನ್, "ದೇವ್ರು ಬಲಗಣ್ಣಾದ್ರೂ ಉಳ್ಸಿದ್ದಾನಲ್ಲ, ಅಷ್ಟ್ ಸಾಕು," ಎಂದರು. ಅಮಲರಾಜ್ ಪೌಲಿನ್ ತೋಳು ಹಿಡಿದು ಮೆಟ್ಟಿಲಿಳಿದರು.

ತಿಂಗಳ ನಂತರ ಬಂದ ಪತ್ರದಲ್ಲಿ ಇದ್ದದ್ದು ಶೇಕಡಾ ಮೂವತ್ತಮೂರು.

ಭವ್ಯಶ್ರೀ ಮನೆಗೆ ಬಂದು ಹಾಳೆಯನ್ನು ಎರಡು ಸಲ ಓದಿದರು. ಪೌಲಿನ್ ಹೊಸ್ತಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಸಕ್ಕರೆ ಕಾಯ್ಲೆಗೆ ಎಷ್ಟು ಕೊಟ್ಟವ್ರೆ?" ಎಂದು ಕೇಳಿದರು.

"ಅದಕ್ಕೆ ಕೊಡಲ್ಲ ಆಂಟಿ. ಬಿಪಿಗೂ ಇಲ್ಲ."

"ಬೆರಳು ತಿಂದಿದ್ದು ಅದೇ, ಕಣ್ಣು ತಿಂದಿದ್ದೂ ಅದೇ. ಅದಕ್ಕೇ ಇಲ್ವಾ?"

"ಅದು ಏನು ತಗೊಂಡು ಹೋಯ್ತೋ ಅದಕ್ಕೆ ಮಾತ್ರ ಕೊಡೋದು. ಕಾಲು, ಕಿವಿ, ಕಣ್ಣು ಮೂರನ್ನೂ ನೇರ ಕೂಡಲ್ಲ, ಅದಕ್ಕೂ ಒಂದು ಲೆಕ್ಕ ಇದೆ." ಭವ್ಯಶ್ರೀ ಅಮಲರಾಜ್ ಕಡೆ ತಿರುಗಿದರು. "ಕಣ್ಣಿಗೇ ಕಡಿಮೆ ಬಂದಿರೋದು ಅಂಕಲ್. ಬಲಗಣ್ಣು ಚೆನ್ನಾಗಿದೆ ಅಂತ ಬರ್ದಿದ್ದಾರೆ. ಮರುಪರೀಕ್ಷೆಗೆ ಅರ್ಜಿ ಹಾಕ್ಬಹುದು. ಆದ್ರೆ ಕಾರಣ ಬೇಕು. ಏನಂತ ಬರೀಲಿ?"

ಅಮಲರಾಜ್ ಮಂಚದ ಅಂಚನ್ನು ಹಿಡಿದು ಕೂತಿದ್ದರು.

"ಕಾರಣ ಇಲ್ದೆ ಆಗಲ್ವಾ ಮಗಳೇ?"

"ಆಗಲ್ಲ ಅಂಕಲ್."

"ಹಂಗಾದ್ರೆ ಬರಿ. ನಾನು ಓದ್ಲಿಲ್ಲ. ಮುಂದಿದ್ದೋರು ಓದಿದ್ದನ್ನ ಕೇಳಿ ಹೇಳ್ದೆ."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಭವ್ಯಶ್ರೀ ಪೆನ್ನು ತೆರೆದಿದ್ದರು, ಬರೆಯಲಿಲ್ಲ. ಇಲ್ಲದ ನೋವನ್ನು ಹೇಳಿಕೊಂಡು ಬರುವವರನ್ನು ಅವರು ನೋಡಿದ್ದರು. ಕಾಣದೆಯೂ ಕಾಣುತ್ತದೆ ಎಂದವರು ಇವರೇ ಮೊದಲು.

"ಬಲಗಣ್ಣು ಯಾವಾಗಿಂದ?" ಎಂದರು ಪೌಲಿನ್.

"ಎರಡು ವರ್ಷ ಆಯ್ತು."

"ಪೇಪರ್ ಓದ್ತಿದ್ದಿದ್ದು?"

"ಸುಮ್ನೆ ಹಿಡ್ಕೊಂಡಿರ್ತಿದ್ದೆ."

"ಚರ್ಚಲ್ಲಿ?"

"ಅದೂ ಬಾಯಿಪಾಠ."

ಪೌಲಿನ್ ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದರು. ಗಂಡನ ಎದುರಿಗೆ, ಮೊಳದಷ್ಟು ದೂರದಲ್ಲಿ ಬಂದು ನಿಂತರು. "ನನ್ ಮುಖ ಕಾಣ್ಸುತ್ತಾ?"

"ಓಲೆ ಕಾಣ್ಸುತ್ತೆ. ಕೂದಲು ಕಾಣ್ಸುತ್ತೆ. ಮಧ್ಯ ಕಾಣ್ಸಲ್ಲ."

"ಎರಡು ವರ್ಷ ನನ್ ಮುಖ ಇಲ್ದೇನೇ ನನ್ ಜೊತೆ ಮಾತಾಡ್ತಿದ್ರಾ?" ಪೌಲಿನ್ ಅವರ ದನಿ ಏರಿತು. "ಉಪ್ಪು ಕಮ್ಮಿ ಅಂತ ಹೇಳೋಕೆ ಬಾಯಿ ಬರುತ್ತೆ, ಕಣ್ಣು ಕಾಣಲ್ಲ ಅಂತ ಹೇಳೋಕೆ ಬರಲ್ವಾ? ಸಕ್ಕರೆ ಕಾಯ್ಲೆ ಸೂಜಿಮದ್ದು ನೀವೇ ಸಿರಿಂಜಿಗೆ ಎಳ್ಕೊತಿದ್ರಲ್ಲ, ಎಷ್ಟು ಎಳ್ಕೊಂಡ್ರಿ ಅಂತ ಯಾರು ನೋಡಿದ್ದು?"

"ಅಂದಾಜಲ್ಲಿ..."

"ಅಂದಾಜು!"

ಅವರು ಅಡುಗೆಮನೆಗೆ ಹೋದರು. ಒಳಗೆ ಪಾತ್ರೆಯ ಸದ್ದು ಜೋರಾಗಿ ಕೇಳಿ, ಆಮೇಲೆ ನಿಂತೇ ಹೋಯಿತು. ಭವ್ಯಶ್ರೀ ತಲೆತಗ್ಗಿಸಿ ಅರ್ಜಿ ಬರೆದರು. ಅಮಲರಾಜ್ ಹೇಳಿದ್ದನ್ನು ಹೇಳಿದಂತೆಯೇ ಬರೆದರು. ಸಹಿ ಎಲ್ಲಿ ಹಾಕಬೇಕೆಂದು ಅವರ ಬೆರಳನ್ನು ಹಿಡಿದು ಜಾಗ ತೋರಿಸಿದರು.

ಭವ್ಯಶ್ರೀ ಹೊರಟ ಮೇಲೆ ಪೌಲಿನ್ ಬಂದು ಬಾಗಿಲಲ್ಲಿ ನಿಂತರು. ಕೋಪ ಇಳಿದಿರಲಿಲ್ಲ, ದನಿ ಮಾತ್ರ ಇಳಿದಿತ್ತು. "ಆಸ್ಪತ್ರೇಲಿ ಕಾಣಲ್ಲ ಅಂತೀರ. ಭಾನುವಾರ ಎಲ್ರ ಮುಂದೆ ಪುಸ್ತಕ ತೆಗೆದು ಓದ್ತೀರ. ನೋಡ್ದೋರು ಏನಂತಾರೆ? ದುಡ್ಡಿಗೋಸ್ಕರ ಕುರುಡನ ವೇಷ ಹಾಕ್ದ ಅನ್ನಲ್ವಾ?"

ಅದನ್ನು ಅಮಲರಾಜ್ ಕೂಡ ಯೋಚಿಸಿದ್ದರು. ಕಾರ್ಡು ಬೇಕಾದರೆ ವಾಚನ ಪೀಠವನ್ನು ಬಿಡಬೇಕು. ಪೀಠ ಬೇಕಾದರೆ ಕಾರ್ಡು ಬಿಡಬೇಕು, ಪೌಲಿನ್ ಇನ್ನೂ ಹತ್ತು ವರ್ಷ ಒಬ್ಬರೇ ದುಡಿಯಬೇಕು. ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಅವರು ಬೆಳಿಗ್ಗೆ ಐದಕ್ಕೆ ಏಳುವುದು ಅಮಲರಾಜ್ ಅವರಿಗೆ ಕಾಣದಿದ್ದರೂ ವಾಸನೆಯಿಂದ ಗೊತ್ತಾಗುತ್ತಿತ್ತು.

ಮಾರನೆಯ ಸಂಜೆ ಕೋಲು ಹಿಡಿದು ಫಾದರ್ ಬಳಿಗೆ ಹೋದರು. ನಡೆದದ್ದೆಲ್ಲ ಹೇಳಿದರು. ಕಿರಿಯ ವಯಸ್ಸಿನ ಆ ಫಾದರ್, ಬಾಯಿಪಾಠ ಹೇಳಿದರೆ ತಪ್ಪೇನಿಲ್ಲ, ಪುಸ್ತಕವಿಲ್ಲದೆಯೇ ಹೇಳಿ ಎಂದರು. ಅಮಲರಾಜ್ ಒಪ್ಪಲಿಲ್ಲ. "ಬೆರಳಿಟ್ಟು ಓದೋ ಹಾಗೆ ಮಾಡ್ದೆ ಫಾದರ್. ಜನ ನಂಬಿದ್ರು. ಇನ್ಮೇಲೆ ಬೇಡ." ಅವರ ಸರದಿ ಸ್ಯಾಮ್ಯುಯೆಲ್ ಎಂಬ ಬ್ಯಾಂಕಿನ ನೌಕರರಿಗೆ ಹೋಯಿತು.

ಮರುಪರೀಕ್ಷೆಗೆ ಕರೆ ಬರಲು ಏಳು ವಾರ ಹಿಡಿಯಿತು. ಅದೇ ಕೋಣೆ, ಅದೇ ಬೆಂಚು, ಅದೇ ಹಲಗೆ. ವೈದ್ಯೆ ಈ ಸಲ ತಾವೇ ಬಂದು ಪಕ್ಕದಲ್ಲಿ ನಿಂತರು. ಕೈಯಲ್ಲಿ ಅರ್ಜಿಯಿತ್ತು.

"ಎಡಗಣ್ಣು ಮುಚ್ಚಿ. ಓದಿ."

ಅಮಲರಾಜ್ ಎದುರು ನೋಡಿದರು. ಮಚ್ಚೆ ಹೋದ ಸಲಕ್ಕಿಂತ ದೊಡ್ಡದಾಗಿತ್ತು. ಅಕ್ಷರಗಳು ಮಾತ್ರ ಒಂದೂ ಕದಲದೆ ತಲೆಯೊಳಗೆ ನಿಂತಿದ್ದವು. ಟ ಎಂದು ನಾಲಿಗೆ ತಾನಾಗಿ ಎದ್ದಿತು. ಅದನ್ನು ತಡೆದರು. ಬೆವರಿದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಬೆಂಚಿನ ಮೇಲೆ ಯಾರೋ ಕೆಮ್ಮಿದರು.

"ಮೇಲ್ಗಡೆ ಒಂದು ಏನೋ ಕಪ್ಪಗಿದೆ ಮೇಡಂ. ಟ ಅಂತ ನಂಗೆ ಗೊತ್ತು. ಕಾಣ್ಸಲ್ಲ."

"ಕೆಳಗಿನ ಸಾಲು?"

"ಗೊತ್ತು. ಕಾಣ್ಸಲ್ಲ."

"ಅದರ ಕೆಳಗೆ?"

"ಅದೂ ಗೊತ್ತು ಮೇಡಂ." ಅವರ ದನಿ ಒಡೆಯಿತು. "ಕಾಣ್ಸಲ್ಲ."

ವೈದ್ಯೆ ಆ ಹಲಗೆಯನ್ನು ತೆಗೆಸಿ ಬೇರೊಂದನ್ನು ಹಾಕಿಸಿದರು. ಅದರಲ್ಲಿ ಅಮಲರಾಜ್ ಅವರಿಗೆ ಗೊತ್ತಿದ್ದದ್ದೂ ಇರಲಿಲ್ಲ, ಕಂಡದ್ದೂ ಇರಲಿಲ್ಲ. ಮೂರು ಹೆಜ್ಜೆ ಮುಂದೆ ಕರೆದು ನಿಲ್ಲಿಸಿದರು, ಮತ್ತೆರಡು ಹೆಜ್ಜೆ ಕರೆದರು. ದೊಡ್ಡ ಅಕ್ಷರದ ಅಂಚು ಅಲ್ಲಿಂದ ಸಿಕ್ಕಿತು. ಅದನ್ನು ಹೇಳಿದರು. ತಪ್ಪು ಹೇಳಿದರು. ಪೌಲಿನ್ ಬಾಗಿಲ ಬಳಿಯಿಂದ ಬಂದು ಅವರ ಬೆನ್ನಿನ ಮೇಲೆ ಕೈಯಿಟ್ಟರು.

"ಸಾಕು, ಕೂತ್ಕೊಳ್ಳಿ," ಎಂದರು ವೈದ್ಯೆ. "ಹೋದ ಸಲವೇ ಹೇಳಿದ್ರೆ ಆಗ್ಲೇ ಔಷಧ ಶುರು ಮಾಡ್ಬಹುದಿತ್ತು. ಇರೋದನ್ನ ಉಳಿಸ್ಕೊಳ್ಳೋಣ. ಇವತ್ತೇ ಬರೆದು ಕೊಡ್ತೀನಿ."

ಆ ಮಾತನ್ನು ಪೌಲಿನ್ ಮನೆಗೆ ಬರುವ ತನಕ ಎತ್ತಲಿಲ್ಲ. ಮನೆಗೆ ಬಂದ ಮೇಲೂ ಎತ್ತಲಿಲ್ಲ. ಅಂದಿನಿಂದ ಸೂಜಿಮದ್ದನ್ನು ಮಾತ್ರ ತಾವೇ ಎಳೆಯತೊಡಗಿದರು.

ಕಾರ್ಡು ಅಂಚೆಯಲ್ಲಿ ಬಂದದ್ದು ಒಂದು ಶನಿವಾರ. ಅಮಲರಾಜ್ ಅದನ್ನು ಕೈಯ ಹೆಬ್ಬೆರಳಿನಿಂದ ಸವರಿದರು. ಸೀಸದ ಮೊಳೆ ಒತ್ತಿದ ಕಾಗದದಲ್ಲಿ ಅಕ್ಷರ ಬೆರಳಿಗೆ ಸಿಗುತ್ತದೆ. ಇದರಲ್ಲಿ ಸಿಗಲಿಲ್ಲ, ಪೂರ್ತಿ ನುಣುಪಾಗಿತ್ತು. ಪೌಲಿನ್ ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಒಂದೊಂದೇ ಅಕ್ಷರ ಕೂಡಿಸಿ ಗಂಡನ ಹೆಸರು ಓದಿದರು, ಹುಟ್ಟಿದ ವರ್ಷ ಓದಿದರು.

"ಐವತ್ನಾಲ್ಕು ಪರ್ಸೆಂಟು," ಎಂದರು ಕೊನೆಗೆ.

ಅದು ಸಂತೋಷಪಡುವ ವಿಷಯವೋ ಅಲ್ಲವೋ ಇಬ್ಬರಿಗೂ ತಿಳಿಯಲಿಲ್ಲ.

ಮರುದಿನ ಬಲಿಪೂಜೆಯಲ್ಲಿ ಸ್ಯಾಮ್ಯುಯೆಲ್ ಓದುವಾಗ ಒಂದು ಕಷ್ಟದ ಹೆಸರಿನ ಹತ್ತಿರ ತಡವರಿಸಿದರು. ಮೂರನೆಯ ಸಾಲಿನ ಬೆಂಚಿನಲ್ಲಿ ಕೂತಿದ್ದ ಅಮಲರಾಜ್ ಅವರಿಗೆ ಆ ಹೆಸರು ಗೊತ್ತಿತ್ತು. ತುಟಿ ಅಲುಗಿತು. ಮಾತು ಹೊರಬೀಳಲಿಲ್ಲ. ಸ್ಯಾಮ್ಯುಯೆಲ್ ಎರಡನೆಯ ಪ್ರಯತ್ನದಲ್ಲಿ ಸರಿಯಾಗಿ ಓದಿದರು.

ಬಸ್ ಪಾಸು ಕೈಗೆ ಬಂದ ಮೇಲಿನ ಮೊದಲ ಮಂಗಳವಾರ ಅವರು ಪಟ್ಟಿ ಬದಲಾಯಿಸಲು ಒಬ್ಬರೇ ಹೊರಟರು. ಪೌಲಿನ್ ರಜೆ ಹಾಕಬೇಕಾಗಿ ಬರಲಿಲ್ಲ. ಬಸ್ಸು ಹತ್ತಿಸಿ, ಅವರು ಹಾಸ್ಟೆಲಿನ ದಾರಿ ಹಿಡಿದರು. ಅಮಲರಾಜ್ ಅವರದು ಇಸ್ತ್ರಿಯ ಶರ್ಟು, ಬಾಚಿದ ತಲೆ, ಪಂಚೆಯ ಕೆಳಗೆ ಬೂಟಿನೊಳಗೆ ಅಡಗಿದ ಪಾದ. ಕಂಡಕ್ಟರ್ ಪಾಸನ್ನು ನೋಡಿ ಅವರ ಮುಖ ನೋಡಿದ.

"ಯಾರ್ದು ಯಜಮಾನ್ರೇ ಇದು? ಪಾಸಿನೋರು ಎಲ್ಲಿ?"

"ನಂದೇ," ಎಂದರು ಅಮಲರಾಜ್. ಕಾಲಿನ ವಿಷಯ ಹೇಳಿದ್ದರೂ ಸಾಕಿತ್ತು. "ಕಣ್ಣು ಕಾಣ್ಸಲ್ಲಪ್ಪ. ಆಸ್ಪತ್ರೆ ಸ್ಟಾಪ್ ಬಂದಾಗ ಒಂದ್ ಮಾತು ಹೇಳು."