ಪಾದಪೂಜೆಗೆ ಕೊಟ್ಟ ಹೆಬ್ಬೆರಳು

ಶಿವನಿ ಊರಿನ ಒಂದು ಮನೆಗೆ ಪಾದಪೂಜೆಗೆ ಕರೆದಿದ್ದರು. ನನ್ನಂಥ ಅಯ್ಯನವರಿಗೆ ಕಾಲಿನ ಹೆಬ್ಬೆರಳು ಊದಿ ನೋಯುವ ಗೌಟ್ ಬರಲೇಬಾರದು. ಭಕ್ತರು ಮುಟ್ಟುವುದು ಆ ಹೆಬ್ಬೆರಳನ್ನೇ. ಅವತ್ತು ಬೆಳಗ್ಗೆಯೇ ಅದು ಮತ್ತೆ ಊದಿಕೊಂಡಿತ್ತು. ಕುಂಟುತ್ತ ಹೋಗಿ ಕೂತು, ಸುಸ್ತಿನಲ್ಲೇ ಎಂದಿನ ಮಾತು ಹೇಳಿದೆ: "ಕಷ್ಟ ಬಂದಾಗ ಮಾತ್ರ ಅಲ್ಲ, ದಿನಾ ಲಿಂಗಪೂಜೆ ಮಾಡ್ಬೇಕು ಕಣಮ್ಮ."

ಮನೆಯಾಕೆ ಪಾದ ತೊಳೆದು, ವಿಭೂತಿ ಹಚ್ಚಿ, ಹೆಬ್ಬೆರಳಿಗೆ ಹಣೆ ಒತ್ತಿದರು. ನಾನು "ಅಯ್ಯಯ್ಯೋ!" ಎಂದು ಕಿರುಚಿಬಿಟ್ಟೆ.

"ಯೂರಿಕ್ ಆಸಿಡ್ಡಾ ಅಯ್ನೋರೆ? ನಮ್ಮನೆಯೋರಿಗೂ ಐತೆ. ದಿನಾ ಮಾತ್ರೆ ತಗೊಳ್ಳಲ್ವಾ?"

"ಡಾಕ್ಟ್ರು ಬಿಡ್ಬೇಡಿ ಅಂದಿದ್ರು. ನೋವು ಹೋಯ್ತಲ್ಲ ಅಂತ ಬಿಟ್ಬಿಟ್ಟೆ ಕಣಮ್ಮ."

"ಮತ್ತೆ ಈಗಷ್ಟೇ ನಮಗೇನಂದ್ರಿ?"

ಈಗ ನಮ್ಮ ಮನೆಯಲ್ಲಿ ಮಾತ್ರೆ ಡಬ್ಬಿ ವಿಭೂತಿಗಟ್ಟಿಯ ಪಕ್ಕದಲ್ಲೇ ಇದೆ. ಪೂಜೆ ಒಮ್ಮೊಮ್ಮೆ ತಪ್ಪುತ್ತದೆ, ಮಾತ್ರೆ ತಪ್ಪಿಲ್ಲ.