ನೆಲಮಾಳಿಗೆಯಿಂದ ಹೊಸಿಲಿಗೆ

ಮೈಸೂರಿನ ಗೋಕುಲಂನಲ್ಲಿರುವ ಒಂದು ಅಪಾರ್ಟ್‌ಮೆಂಟಿನ ಮುಂಬಾಗಿಲಿಗೆ ಬೆಳಿಗ್ಗೆ ಯಾವ ನೀರು ಹಾಕಬೇಕು ಎಂಬ ಪ್ರಶ್ನೆ ಸದ್ಯ ಸರ್ಕಾರದ ಮುಂದಿದೆ. ಇದಕ್ಕೊಂದು ಸಮಿತಿ ಇದೆ, ಸಮಿತಿಗೆ ಅಧ್ಯಕ್ಷರಿದ್ದಾರೆ, ಎರಡು ಸಭೆಗಳಲ್ಲಿ ಕಾಫಿ ಬಿಸ್ಕತ್ತಿನ ಸಮೇತ ಗಂಭೀರ ಚರ್ಚೆಯೂ ನಡೆದಿದೆ. ಪ್ರಶ್ನೆ ಎತ್ತಿದವರು ಮಾತ್ರ ಆ ಸಭೆಗಳಲ್ಲಿ ಇರಲಿಲ್ಲ. ಅವರು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದರು.

ಯೋಗ ಕಲಿಯಲು ಬಂದ ವಿದೇಶಿಯರು ಚಾಪೆ ಸುತ್ತಿಕೊಂಡು ರಸ್ತೆಗಿಳಿಯುವ ನಸುಕಿನ ಹೊತ್ತು. ಸಣ್ಣಮಾದಯ್ಯ ಹಳೇ ಉಪ್ಪಿನಕಾಯಿ ಬಾಟಲಿಗೆ ನೀರು ತುಂಬಿ, ಟ್ಯೂಬ್‌ಲೈಟಿನ ಕೆಳಗೆ ನಿಂತು, ಅದರ ಹಿಂದೆ ನಿನ್ನೆಯ ಪತ್ರಿಕೆ ಹಿಡಿಯುತ್ತಾರೆ. ವಧೂವರರ ಜಾಹೀರಾತಿನ ಸಣ್ಣಕ್ಷರ ಓದಲು ಬಂದರೆ ನೀರು ಪಾಸು. ನೀರಿನ ತಿಳಿ ಅಳೆಯುವ ಯಂತ್ರವೂ ಪಕ್ಕದಲ್ಲಿದೆ, ಅದನ್ನೂ ನೋಡುತ್ತಾರೆ. “ಮಿಷಿನ್ನು ಬರೀ ನಂಬರ್ ಯೋಳ್ತದೆ. ಇದ್ರಲ್ಲಾದ್ರೆ ಯಾರಿಗೆ ಎಂಥ ಹುಡ್ಗಿ ಬೇಕು ಅಂತಾನೂ ಗೊತ್ತಾಯ್ತದೆ,” ಎನ್ನುತ್ತಾರೆ.

ನಲವತ್ತು ಮನೆಗಳ ಸ್ನಾನದ ನೀರು, ಬಟ್ಟೆ ಒಗೆದ ನೀರು, ದಿನಕ್ಕೆ ಹೆಚ್ಚುಕಡಿಮೆ ಹದಿನೈದು ಸಾವಿರ ಲೀಟರು, ಇಳಿದು ಅವರ ತೊಟ್ಟಿಗಳಿಗೆ ಬರುತ್ತದೆ. ಅವರು ನೊರೆ ತೆಗೆದು, ಗಾಳಿ ಊದಿ, ಮರಳಲ್ಲಿ ಸೋಸಿ, ಕ್ಲೋರಿನ್ ಹಾಕಿ ವಾಪಸ್ ಮೇಲಕ್ಕೆ ಕಳಿಸುತ್ತಾರೆ. ಫ್ಲಷ್‌ಗೆ, ಗಿಡಕ್ಕೆ, ಕಾರು ತೊಳೆಯುವುದಕ್ಕೆ ಅದೇ ನೀರು. ಕುಡಿಯುವಂತಿಲ್ಲ. ಕ್ಲೋರಿನ್ನಿಗೆ ಕಣ್ಣು ಉರಿಯುತ್ತದೆ, ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ. ನೀರು ಚೆನ್ನಾಗಿದ್ದ ದಿನ ಯಾರಿಗೂ ಅವರ ನೆನಪಾಗುವುದಿಲ್ಲ. ವಾಸನೆ ಬಂದ ದಿನ ನಲವತ್ತು ಮನೆಗೂ ಅವರ ಫೋನ್ ನಂಬರು ಬಾಯಿಪಾಠ.

ಸಣ್ಣಮಾದಯ್ಯ ನಂಜನಗೂಡಿನ ಕಡೆಯ ಹಳ್ಳಿಯವರು. ಉದಯಗಿರಿಯ ಪಂಪ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತರು, ಊರೆಲ್ಲ ಸುತ್ತಿ ಸಂಪು ತೊಳೆದರು. ಈಗ ಸಿದ್ಧಾರ್ಥನಗರದಿಂದ ಮೊಪೆಡ್ಡಿನಲ್ಲಿ ಇಲ್ಲಿಗೆ ಬರುತ್ತಾರೆ. ಅವರ ಅವ್ವ ಊರಬಾವಿಯ ಕಟ್ಟೆ ಹತ್ತಿದವರಲ್ಲ. ಮೇಲಿನವರು ಯಾರಾದರೂ ಸೇದಿ ಹುಯ್ಯಲಿ ಎಂದು ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಈಗ ಮಗ ವಾಲ್ವ್ ತಿರುಗಿಸುವವರೆಗೆ ನಲವತ್ತು ಮನೆ ಕಾಯುತ್ತವೆ. ಇದನ್ನವರು ಒಮ್ಮೆ ಹೇಳಿ ನಕ್ಕರು. ಮತ್ತೆ ಹೇಳಲಿಲ್ಲ.

ಅವರ ನೀರು ಕಟ್ಟಡದಲ್ಲಿ ಎಲ್ಲ ಕಡೆ ಹೋಗುತ್ತಿತ್ತು, ಮುಂಬಾಗಿಲಿಗೆ ಮಾತ್ರ ಇಲ್ಲ. ಅಲ್ಲಿ ನೀರು ಹಾಕಿ ರಂಗೋಲಿ ಇಡುವವರು ಕೆಳಗಿನ ಮನೆಯ ಗಿರಿಜಾಂಬಾ, ನಿವೃತ್ತ ಶಿಕ್ಷಕಿ. ಯಜಮಾನರ ಕಾರಿಗೆ ಆ ನೀರನ್ನು ಧಾರಾಳವಾಗಿ ಬಳಸುವ ಅವರು, ಹೊಸಿಲಿನ ಮಾತು ಬಂದರೆ, ಊರವರೆಲ್ಲ ಮಿಂದ ನೀರು ಬೇಡ ಎಂದುಬಿಡುತ್ತಿದ್ದರು. ಸಣ್ಣಮಾದಯ್ಯ ವಾದಕ್ಕೆ ಹೋಗಲಿಲ್ಲ. ಆದರೆ ಆಸೆ ಇತ್ತು.

ಕಟ್ಟಡಗಳಲ್ಲಿ ಮರುಬಳಕೆಯ ನೀರು ಎಷ್ಟು ಶುದ್ಧವಿರಬೇಕು ಎಂದು ನಿಯಮ ಬರೆಯುತ್ತಿರುವ ಸಮಿತಿ, ಪರೀಕ್ಷೆಗೆ ಆರಿಸಿದ ಕಟ್ಟಡಗಳಲ್ಲಿ ಇದೂ ಒಂದು. ಮಾದರಿ ಒಯ್ಯಲು ಬರುವ ಎಂಜಿನಿಯರ್ ಧರಣಿ, ನಿಯಮದ ಕರಡಿನಲ್ಲಿದ್ದ ಬಳಕೆಗಳನ್ನು ಒಂದು ದಿನ ಅವರಿಗೆ ಓದಿ ಹೇಳಿದರು. ಸಣ್ಣಮಾದಯ್ಯ ಪೂರ್ತಿ ಕೇಳಿಸಿಕೊಂಡು, “ಬಾಗ್ಲಿಗೆ ನೀರ್ ಹಾಕದು ಎಲ್ಲಿ ಬತ್ತದೆ ಮೇಡಂ?” ಎಂದರು. ಎಲ್ಲೂ ಬರುತ್ತಿರಲಿಲ್ಲ. ಧರಣಿ ಆ ಪ್ರಶ್ನೆಯನ್ನು ಸಮಿತಿಯ ಮುಂದಿಟ್ಟರು. ಸಭೆಯಲ್ಲಿ ಒಬ್ಬರು ಇದು ಧಾರ್ಮಿಕ ವಿಷಯ ಎಂದರಂತೆ, ಇನ್ನೊಬ್ಬರು ಇದು ನೆಲ ತೊಳೆಯುವ ವಿಷಯ ಎಂದರಂತೆ. ಕೊನೆಗೆ ಹೊಸ ಸಾಲೊಂದು ಸೇರಿತು: ಜನ ಬರಿಗಾಲಲ್ಲಿ ಓಡಾಡುವ ನೆಲಕ್ಕೆ ಫ್ಲಷ್‌ನ ನೀರಿಗಿಂತ ತಿಳಿಯಾದ ನೀರು ಬೇಕು, ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿಯೇ ನೀರು ಬಿಡಬೇಕು.

ಅದಾದ ಮೇಲೆ ಒಂದು ಶುಕ್ರವಾರ ನಲ್ಲಿ ನೀರು ಬರಲಿಲ್ಲ. ಎಲ್ಲೋ ದೊಡ್ಡ ಪೈಪು ಒಡೆದಿತ್ತು. ಕ್ಯಾನಿನ ನೀರು ಅಡುಗೆಗೇ ಸಾಲದು. ಹೊಸಿಲು ಒಣಗಿದ್ದರೆ ನೋಡಿದವರು ಸಾವಿನ ಮನೆ ಎಂದುಕೊಳ್ಳುತ್ತಾರೆ. ಗಿರಿಜಾಂಬಾ ಬಕೆಟ್ ಹಿಡಿದು ಮೊದಲ ಸಲ ನೆಲಮಾಳಿಗೆಗೆ ಇಳಿದರು.

“ಒಂದ್ ಬಕೆಟ್ ಕೊಡು ಮಾದಯ್ಯ. ಬೇರೆ ದಾರಿ ಇಲ್ಲ.”

ಸಣ್ಣಮಾದಯ್ಯ ಬಾಟಲಿ ಎತ್ತಿ ಪತ್ರಿಕೆ ಹಿಡಿದರು. ಮರಳಿನ ಫಿಲ್ಟರು ಹಿಂದಿನ ದಿನದಿಂದ ತಕರಾರು ಮಾಡುತ್ತಿತ್ತು. ತಲೆಬರಹ ಕಂಡಿತು, ಜಾಹೀರಾತು ಕಾಣಲಿಲ್ಲ.

“ಇವತ್ತು ಬ್ಯಾಡ ಬುಡಿ ಅಮ್ಮಾವ್ರೆ. ಫ್ಲಷ್‌ಗೆ ಆಯ್ತದೆ, ಬಾಗ್ಲಿಗೆ ಆಗಕಿಲ್ಲ. ನಿಮ್ ಮೊಮ್ಮಗ ಅಲ್ಲೇ ಕೂತ್ಕಂಡು ರಂಗೋಲಿ ಪುಡಿ ಬಾಯಿಗ್ ಹಾಕ್ಕತಾನೆ.”

“ನಾನೇ ಬಂದು ಕೇಳ್ತಿದೀನಲ್ಲಪ್ಪ.”

“ನೀವು ಕೇಳ್ಲಿ ಅಂತ್ಲೇ ಕಣಮ್ಮ ಇಷ್ಟ್ ವರ್ಸ ಕಾದಿದ್ದು. ಇವತ್ತೊಂದಿನ ಬ್ಯಾಡ.”

ಗಿರಿಜಾಂಬಾ ಖಾಲಿ ಬಕೆಟ್ ಹಿಡಿದು ಮೆಟ್ಟಿಲು ಹತ್ತಿದರು. ಅಂದು ಮುಂಬಾಗಿಲು ಒಣಗಿಯೇ ಇತ್ತು. ಎದುರುಮನೆಯವರು ಬಂದು, ತೀರಿಹೋದವರು ಯಾರು ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿಕೊಂಡು ಹೋದರು. ಸುದ್ದಿ ಕೇಳಿದ ಧರಣಿ ಹೇಳಿದ್ದು ಇಷ್ಟು: “ನಮ್ ಕರಡಿಗೆ ಇನ್ನೂ ಸಹಿನೇ ಬಿದ್ದಿಲ್ಲ, ನೀವಾಗ್ಲೇ ಜಾರಿ ಮಾಡ್ಬಿಟ್ರಲ್ಲ ಮಾದಯ್ಯನವರೇ.”

ಫಿಲ್ಟರಿನ ಮರಳು ಬದಲಾಯಿತು. ನಲ್ಲಿ ನೀರೂ ಬಂತು. ಇನ್ನು ಯಾರೂ ಕೆಳಗಿಳಿಯಲಾರರು ಎಂದು ಸಣ್ಣಮಾದಯ್ಯ ತಮ್ಮಷ್ಟಕ್ಕೆ ತಾವು ಪಂಪು ಒರೆಸುತ್ತಿದ್ದ ಮುಂಜಾನೆ, ಮೆಟ್ಟಿಲ ಮೇಲೆ ಬಕೆಟ್ಟಿನ ಸದ್ದಾಯಿತು.

“ಮಾದಯ್ಯನೋರೆ, ಇವತ್ತು ಓದಕ್ಕೆ ಬರತ್ತಾ?”

ಸಣ್ಣಮಾದಯ್ಯ ಬಾಟಲಿ, ಪತ್ರಿಕೆ ಎರಡನ್ನೂ ಅವರ ಕೈಗೇ ಕೊಟ್ಟರು. ಗಿರಿಜಾಂಬಾ ಕನ್ನಡಕ ಏರಿಸಿ ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು: ಇಪ್ಪತ್ತೊಂಬತ್ತು ವರ್ಷ, ಸರ್ಕಾರಿ ನೌಕರಿ, ಸ್ವಂತ ಮನೆ. ಹುಡುಗ ಪರವಾಗಿಲ್ಲ ಎಂದು ಬಕೆಟ್ ತುಂಬಿಸಿಕೊಂಡರು. ನಲ್ಲಿ ನೀರು ಇದ್ದೂ ಇದ್ಯಾಕೆ ಎಂದು ಮೇಲಿನ ಮನೆಯವರು ಕೇಳಿದ್ದಕ್ಕೆ ಅವರ ಉತ್ತರ: “ಕೊಡಲ್ಲ ಅಂದ ಮನುಷ್ಯ ಕಣ್ರೀ. ಕೊಟ್ಟ ದಿನ ಚೆನ್ನಾಗೇ ಇರತ್ತೆ.”

ಇನ್ನೇನಾದರೂ ಆಸೆ ಇದೆಯೇ ಎಂದರೆ ಸಣ್ಣಮಾದಯ್ಯ ಕೈ ಒರೆಸಿಕೊಳ್ಳುತ್ತಾರೆ. “ಆ ಬಾಗ್ಲಿನ ಸಾಲು ಹೊಡೆದಾಕ್ದೆ ಇದ್ರೆ ಸಾಕು.”

ಕರಡು ಸಹಿಗೆ ಕಾದಿದೆ. ಮುಂಬಾಗಿಲಿಗೆ ದಿನಾ ಬೆಳಿಗ್ಗೆ ನೆಲಮಾಳಿಗೆಯ ನೀರು ಹಾಕುತ್ತಿದ್ದಾರೆ.